ಅಪ್ಪನ ಬುತ್ತಿಗೆ ನಾನು ಕಾವಲು

ಆಗೆಲ್ಲ ನಮ್ಮ ಕ್ಯಾಸಂಬಳ್ಳಿ ಕಡೆಯವರು ಬುತ್ತಿ ಇಲ್ಲದೆ ಊರು ದಾಟುತ್ತಿರಲಿಲ್ಲ. ಕೈಯಲ್ಲಿ ಬ್ಯಾಗು ಇಲ್ಲದಿದ್ದರೂ ಬಟ್ಟೆಯಲ್ಲಿ ಕಟ್ಟಿದ ರಾಗಿ ರೊಟ್ಟಿ ಇರುತ್ತಿತ್ತು. ಬುತ್ತಿಯಿಲ್ಲದೆ ರೈಲು ಹತ್ತುವವರು ಎರಡೇ ಬಗೆ, ಒಂದೋ ಸಾಹುಕಾರರು, ಇಲ್ಲ ಹೆಂಡತಿಯ ಜೊತೆ ಜಗಳವಾಡಿ ಬಂದವರು ಎಂದು ಊರಲ್ಲಿ ನಗುತ್ತಿದ್ದರು. ಬಾಲ್ಯ ಬರೆಯಲು ಕೂತವರು ಸಾಮಾನ್ಯವಾಗಿ ಆ ರೊಟ್ಟಿಯ ರುಚಿ ಹೊಗಳುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಅದನ್ನು ತಿಂದದ್ದಕ್ಕಿಂತ ತಿಂದೆನೆಂದು ಹೇಳಿದ್ದೇ ಹೆಚ್ಚು.

ನಾನು ಆರನೇ ಕ್ಲಾಸಿನಲ್ಲಿದ್ದೆ. ಅಪ್ಪ ಗಾರೆ ಕೆಲಸದವನು. ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ತಿಂಗಳಿಗೊಂದು ಶನಿವಾರ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕಾಗಿತ್ತು. ಅವನಿಗೆ ಓದು ಬರದು, ಅಲ್ಲಿನ ಬೋರ್ಡುಗಳನ್ನು ಓದಲು ನಾನು ಜೊತೆಗೆ. ಮೊದಲ ಸಲವೇ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ದರು: ಪ್ರಯಾಣದಲ್ಲಿ ಕರಿದದ್ದು ಬೇಡ, ಸಿಹಿ ಬೇಡ, ಹೊತ್ತಿಗೆ ಸರಿಯಾಗಿ ಮನೆಯ ಊಟ ಮಾಡಿ. ಅಮ್ಮ ಅದನ್ನು ನನ್ನಿಂದ ಮೂರು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು.

"ಬುತ್ತಿ ಬಿಟ್ಟು ನಿಮ್ಮಪ್ಪ ಇನ್ನೇನಾದ್ರೂ ಬಾಯಿಗಿಟ್ರೆ ಬಂದು ನಂಗೇಳು. ನಿನ್ನೇ ನಂಬಿ ಕಳಿಸ್ತಾ ಇವ್ನಿ," ಎಂದಳು.

ದೀಪಾವಳಿ ಕಳೆದು ಅವರೆಕಾಯಿ ಸುರುವಾಗಿತ್ತು. ಆ ಶನಿವಾರಗಳಂದು ಅಮ್ಮ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ತಟ್ಟುತ್ತಿದ್ದಳು. ರಾಗಿ ಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಬೇಯಿಸಿದ ಅವರೆಕಾಳು. ಜೊತೆಗೆ ಹುರುಳಿಕಾಳಿನ ಗುಗ್ಗರಿ, ಸೌತೆಕಾಯಿ, ಬಾಟಲಿಯಲ್ಲಿ ಮಜ್ಜಿಗೆ. ಮನೆಯೆಲ್ಲ ಅವರೆಯ ಸೊಗಡು. ಎರಡು ಡಬ್ಬಿ ಕಟ್ಟುತ್ತಿದ್ದಳು. ಒಂದು ಬೆಳಗಿನದು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ ಮೇಲೆ ತಿನ್ನಲು. ಇನ್ನೊಂದು ವಾಪಸು ಬರುವಾಗ, ಸಂಜೆಗೆ.

ಮೊದಲ ಬಸ್ಸಿಗೆ ಕೆಜಿಎಫ್‌ಗೆ ಬಂದು ಊರಿಗಾಂನಲ್ಲಿ ರೈಲು ಹತ್ತುತ್ತಿದ್ದೆವು. "ಸೂಡಾ ಮಸಾಲ್ ವಡೈ" ಎಂದು ತಮಿಳಿನಲ್ಲಿ ಕೂಗುತ್ತ ಬಿಸಿ ವಡೆಯ ಬುಟ್ಟಿಯವನು ಬಂದರೆ ಅಪ್ಪ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಬೆಳಿಗ್ಗೆ ಹೊತ್ತು ಅವನಷ್ಟು ಸಾಧು ಯಾರೂ ಇರಲಿಲ್ಲ. ಆಸ್ಪತ್ರೆಗೆ ಹೋಗುವ ಮೂರು ದಿನ ಮೊದಲಿನಿಂದಲೇ ಅವನು ಸಕ್ಕರೆ ಹಾಕಿದ ಟೀ ಮುಟ್ಟುತ್ತಿರಲಿಲ್ಲ. ಮೊದಲ ರಕ್ತ ಕೊಟ್ಟು, ಅಮ್ಮನ ರೊಟ್ಟಿ ತಿಂದು, ಎರಡು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ಕೊಡುತ್ತಿದ್ದ. ಆಗ ಅಲ್ಲಿ ನೋಡುತ್ತಿದ್ದದ್ದು ಆ ದಿನದ ಸಕ್ಕರೆಯನ್ನು ಮಾತ್ರ, ಕಳೆದ ತಿಂಗಳಿನದನ್ನಲ್ಲ. ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ನೋಡಿ, "ಊಟ ಕಟ್ಟಿಕೊಡೋರು ಮನೆಯವರಾ? ತುಂಬಾ ಚೆನ್ನಾಗಿದೆ, ಹೀಗೇ ಮುಂದುವರಿಸಿ" ಅನ್ನುತ್ತಿದ್ದರು. ಅಪ್ಪ ಕೈ ಮುಗಿಯುತ್ತಿದ್ದ.

ಸಂಜೆ ವಾಪಸು ಬರುವಾಗ ದಾರಿಯ ಬಂಗಾರಪೇಟೆಯಲ್ಲಿ ಇಳಿಯುತ್ತಿದ್ದಂತೆ ಬೇರೆಯೇ ಅಪ್ಪ. "ಇನ್ನೊಂದ್ ತಿಂಗ್ಳು ಸೂಜಿ ಇಲ್ಲ, ಬಾ ಪಾಪ," ಎಂದು ಮೊದಲ ಸಲ ನನ್ನ ಕೈ ಹಿಡಿದು ಪಾನಿಪುರಿ ಗಾಡಿಯ ಮುಂದೆ ನಿಲ್ಲಿಸಿದ. ನಮ್ಮ ಬಂಗಾರಪೇಟೆಯ ಪಾನಿ ನೋಡಲು ಕುಡಿಯುವ ನೀರಿನ ಹಾಗೆ ತಿಳಿ, ಬಾಯಿಗಿಟ್ಟರೆ ಕಿವಿಯವರೆಗೆ ಖಾರ. ಅವನಿಗೊಂದು ಪ್ಲೇಟು, ನನಗೊಂದು ಪ್ಲೇಟು. ಆಮೇಲೆ ಅವನಿಗೆ ಇನ್ನೊಂದು. ಆಮೇಲೆ ಇಬ್ಬರಿಗೂ ಜಿಲೇಬಿ.

"ಅಮ್ಮಂಗೆ ಏಳ್ತೀಯಾ?"

ನನ್ನ ಬಾಯಿ ತುಂಬ ಜಿಲೇಬಿ ಇತ್ತು. ಇಲ್ಲ ಎಂದು ತಲೆಯಾಡಿಸಿದೆ.

"ನನ್ ಬಂಗಾರ ಕಣೇ ನೀನು."

ಸಂಜೆಯ ಬುತ್ತಿಯನ್ನು ಅಪ್ಪ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತ ಮುದುಕಿಯೊಬ್ಬಳ ತಟ್ಟೆಗೆ ಸುರಿದ. "ಪುಣ್ಯ ಬತ್ತದೆ," ಎಂದು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವ ಗಾದೆಯನ್ನು ಆ ವರ್ಷವೇ ಶಾಲೆಯಲ್ಲಿ ಕಲಿತಿದ್ದೆ. ಅದು ನನ್ನ ವಿಷಯ ಎಂದು ಹೊಳೆಯಲಿಲ್ಲ.

ಮನೆಯ ಬಾಗಿಲಲ್ಲೇ ಅಮ್ಮ ಡಬ್ಬಿ ತೆಗೆದು ನೋಡಿದಳು. "ಎಲ್ಲಾ ತಿಂದ್ರಾ?"

"ತಿಂದ್ವಿ."

"ಎಂಗಿತ್ತೇ?"

ಬರೀ ಚೆನ್ನಾಗಿತ್ತು ಎಂದರೆ ನಂಬುವುದಿಲ್ಲ ಅನಿಸಿತು. ಹನ್ನೊಂದು ವರ್ಷದ ನನಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ ಕಾಣೆ. "ಗುಗ್ಗರೀಲಿ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು," ಎಂದೆ. ಅಮ್ಮನ ಮುಖ ಸಣ್ಣದಾಯಿತು. ಅಪ್ಪ ಕೈಕಾಲು ತೊಳೆಯುತ್ತ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮುಂದಿನ ತಿಂಗಳು ಅಮ್ಮ ಉಪ್ಪು ಕಡಿಮೆ ಹಾಕಿದಳು. ಆಗ ನಾನು ರೊಟ್ಟಿ ಗಟ್ಟಿಯಾಗಿತ್ತು ಎಂದೆ. ಅದರ ಮುಂದಿನ ತಿಂಗಳು ಖಾರ ಎಂದೆ. ಯುಗಾದಿಯವರೆಗೆ ಪ್ರತಿ ತಿಂಗಳೂ ಇದೇ ಆಟ, ನನಗದು ಮಜವಾಗಿಯೇ ಇತ್ತು. ಬಂಗಾರಪೇಟೆಯಲ್ಲಿ ಮಾತ್ರವಲ್ಲ, ಅಪ್ಪ ಕೆಲಸ ಮಾಡುವಲ್ಲಿಗೆ ಹೋದಾಗಲೂ ನೋಡುತ್ತಿದ್ದೆ. ದಿನಕ್ಕೆ ನಾಲ್ಕೈದು ಟೀ, ಬೇಕರಿ ಬನ್ನು. ನನಗೂ ಒಂದು ಬನ್ನು ಸಿಗುತ್ತಿತ್ತು.

ಯುಗಾದಿ ಕಳೆದ ಮೇಲೆ ಅಪ್ಪನ ಕಾಲ್ಬೆರಳಿಗೆ ಮೊಳೆ ಚುಚ್ಚಿತು. ಸಕ್ಕರೆಯಿಂದ ಕಾಲು ಮರಗಟ್ಟಿದ್ದ ಅವನಿಗೆ ನೋವೇ ಗೊತ್ತಾಗಲಿಲ್ಲ. ಸಿಮೆಂಟು ಮೆತ್ತಿದ ಕಾಲಿನಲ್ಲೇ ವಾರ ಓಡಾಡಿದ. ಬೆರಳು ಕಪ್ಪಾಗಿ ವಾಸನೆ ಬಂದಾಗ ಅಮ್ಮ ನೋಡಿ ಕಿರುಚಿಕೊಂಡಳು. ಅದೇ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲ ಕೆಳಗಿನ ಕಾಲನ್ನು ತೆಗೆದರು. ತಿಂಗಳ ಆ ಒಂದು ಪಾನಿಪುರಿಯಿಂದ ಕಾಲು ಹೋಗುವುದಿಲ್ಲ, ದಿನದಿನದ ತಿನ್ನಾಟದಿಂದ ಹೋಗುತ್ತದೆ ಎಂದು ದೊಡ್ಡವಳಾದ ಮೇಲೆ ಕೇಳಿ ತಿಳಿದುಕೊಂಡಿದ್ದೇನೆ. ಆ ದಿನದಿನದ್ದನ್ನೂ ನಾನು ಮುಚ್ಚಿಟ್ಟಿದ್ದೆನಲ್ಲ.

ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ನೋಡಲು ಬಂದವಳು ಮಂಚದ ಪಕ್ಕ ನಿಂತು ಅಮ್ಮನ ಮೇಲೆ ಎಗರಿದಳು.

"ಏನ್ ಕಟ್ಟಿ ಕಳಿಸ್ತಿದ್ಯೋ ತಾಯಿ! ದಾರಿಯುದ್ದಕ್ಕೂ ಆ ತಂಗಳು ತಿಂದೂ ತಿಂದೂ ನನ್ ತಮ್ಮನ್ ಕಾಲೇ ಓಯ್ತು. ಆಚೆ ಬಿಸಿಬಿಸಿ ತಿಂದೋರೆಲ್ಲ ಚೆನ್ನಾಗವ್ರೆ."

ಅಮ್ಮ ಅಪ್ಪನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಅಪ್ಪ ಗೋಡೆಯ ಕಡೆ ಹೊರಳಿದ. ಆಮೇಲೆ ಅಮ್ಮ ನನ್ನನ್ನು ನೋಡಿದಳು.

"ಉಪ್ಪು ಜಾಸ್ತಿ ಆಗಿತ್ತು ಅಂದಿದ್ದೆ ಅಲ್ವೇನೇ? ಅದ್ರಿಂದಲೇ ಏನೋ."

ನಾನು ಹೌದು ಎಂದು ತಲೆಯಾಡಿಸಿದೆ. ಇಲ್ಲ ಎಂದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಅಪ್ಪ ಅದಾದ ಮೇಲೆ ನಾಲ್ಕು ವರ್ಷ ಬದುಕಿದ. ಅಮ್ಮ ಕೂಲಿಗೆ ಹೋಗಿ ಬಂದು ಅವನನ್ನು ನೋಡಿಕೊಂಡಳು. ಬಂದವರು ಹೋದವರೆಲ್ಲ ಅವಳ ಅಡುಗೆಯ ಮಾತೇ ಆಡುತ್ತಿದ್ದರು, ಅಪ್ಪ ಒಮ್ಮೆಯೂ ಬಾಯಿ ಬಿಡಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ, ನನಗೆ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ಈಗ ಅಮ್ಮ ನನ್ನ ಮನೆಯಲ್ಲಿ, ಬಂಗಾರಪೇಟೆಯಲ್ಲೇ ಇದ್ದಾಳೆ. ಅದೇ ರಾಗಿ, ಅದೇ ಅವರೆಕಾಳು ಬಣ್ಣದ ಪೊಟ್ಟಣಗಳಲ್ಲಿ ಆರೋಗ್ಯದ ತಿಂಡಿಯಾಗಿ ಅಂಗಡಿಗೆ ಬಂದಿವೆ. ಬುತ್ತಿ ಕಟ್ಟುವ ರೂಢಿ ಊರಲ್ಲೆಲ್ಲ ತಾನಾಗಿ ನಿಂತುಹೋಯಿತು, ಕಾಲ ಬದಲಾಯಿತು ಎಂದು ಜನ ಸುಮ್ಮನಾದರು. ನಮ್ಮ ಮನೆಯಲ್ಲಿ ಅದು ತಾನಾಗಿ ನಿಲ್ಲಲಿಲ್ಲ. ತನ್ನ ಕೈಯ ಮೇಲೆ ಅಮ್ಮನಿಗಿದ್ದ ನಂಬಿಕೆಯನ್ನು ನಾನು ಒಂದೊಂದೇ ಸುಳ್ಳಿನಿಂದ ತೆಗೆದೆ. ಕಾಲು ಕಳೆದುಕೊಂಡವನಿಗೆ ಊರುಗೋಲಾದರೂ ಸಿಕ್ಕಿತು, ಅವಳಿಗೆ ಏನೂ ಸಿಗಲಿಲ್ಲ.

ಹೋದ ತಿಂಗಳು ನನ್ನ ಮಗಳು ಶಾಲೆಯ ಪ್ರವಾಸಕ್ಕೆ ಹೊರಟಿದ್ದಳು. ದಾರಿಗೆ ನಾಲ್ಕು ರೊಟ್ಟಿ ತಟ್ಟಿಕೊಡು ಎಂದು ಅಮ್ಮನನ್ನು ಕೇಳಿದೆ.

"ಬ್ಯಾಡ ಕಣೇ. ಮನೇಲಿ ತಿನ್ನಕ್ಕೆ ಬೇಕಾದ್ರೆ ಮಾಡ್ತೀನಿ. ನನ್ ಕೈ ಊಟ ದಾರಿಗೆ ಆಗ್ಬರಲ್ಲ. ಮಗು ಆಚೇನೇ ಏನಾನಾ ತಿನ್ಕಳ್ಳಿ."

ನಾನು ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪಾನಿಪುರಿ, ಜಿಲೇಬಿ, ಬನ್ನು, ಮೆಟ್ಟಿಲ ಮೇಲಿನ ಮುದುಕಿ, ಉಪ್ಪು, ಒಂದನ್ನೂ ಬಿಡಲಿಲ್ಲ. ಅವಳು ಹೊಡೆಯಬೇಕು ಎಂದು ಕಾಯುತ್ತಿದ್ದೆ. ಅಮ್ಮ ನನ್ನ ತಲೆ ನೇವರಿಸಿದಳು.

"ನನ್ ಸಮಾಧಾನಕ್ಕೆ ಅಂತ ಸತ್ತೋಗಿರೋ ನಿಮ್ಮಪ್ಪನ್ ಮ್ಯಾಲೆ ಯಾಕೆ ತಪ್ಪು ಆಕ್ತೀಯೆ? ಬಿಡು. ನಿಂಗೆ ಸುಳ್ಳು ಏಳಕ್ಕೆ ಯಾವತ್ತೂ ಬರಲ್ಲ."