ತಗಡಿನ ಡಬ್ಬದ ಮೇಲಿನ ಮಗು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಲಂಡನ್ನಿನ ಪಾರ್ಕ್ ರಾಯಲ್‌ನ ಸಣ್ಣ ಡಿಸೈನ್ ಕಚೇರಿಯೊಂದರಲ್ಲಿ ತಿಂಡಿ ಪೊಟ್ಟಣಗಳಿಗೆ ಚಿತ್ರ ಬರೆಯುತ್ತಿದ್ದೆ. ಒಮ್ಮೆ ಹಳೆಯ ಬಿಸ್ಕತ್ತು ಕಂಪನಿಯೊಂದರ ಕ್ರಿಸ್‌ಮಸ್ ಡಬ್ಬ ನನ್ನ ಪಾಲಿಗೆ ಬಂತು. ಹಿಮ, ಕುದುರೆಗಾಡಿ, ಎತ್ತರದ ಟೋಪಿಯ ದೊರೆಗಳು. ಅಜ್ಜಂದಿರ ಕಾಲದಿಂದ ಅದೇ ಚಿತ್ರವಂತೆ. ಹಳೆಯದರ ಹಾಗೇ ಇರಬೇಕು, ಆದರೆ ಹೊಸದಾಗಿ ಕಾಣಬೇಕು ಎಂದರು ಕಂಪನಿಯವರು. ಮುದುಕನಿಗೆ ಮದುವೆ ಮಾಡುವಾಗ ಮೀಸೆಗೆ ಕಪ್ಪು ಹಚ್ಚುವ ಕೆಲಸ. ನಾನು ಗಾಡಿಯ ಕಿಟಕಿಯಲ್ಲಿ ಹೊರಗೆ ಇಣುಕುವ ಗುಂಗುರು ಕೂದಲಿನ ಹೆಣ್ಣುಮಗುವನ್ನು ಬರೆದೆ.

ಆಗ ನನ್ನ ಹೆಂಡತಿಗೆ ಆರು ತಿಂಗಳು. ಹೆಣ್ಣೆಂದು ಸ್ಕ್ಯಾನಿಂಗಿನಲ್ಲಿ ಹೇಳಿದ್ದರು. ಬಾಣಂತನಕ್ಕೆ ಮೈಸೂರಿನಿಂದ ಕ್ರೋಯ್ಡನ್‌ನ ನಮ್ಮ ಫ್ಲ್ಯಾಟಿಗೆ ಬಂದಿದ್ದ ಅತ್ತೆಯವರು, ಹುಟ್ಟುವ ಮೊದಲು ಒಂದು ಕುಲಾವಿಯನ್ನೂ ಕೊಳ್ಳಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಚಿತ್ರ ತೋರಿಸಿದಾಗ ಮಾತ್ರ ನಕ್ಕುಬಿಟ್ಟರು.

"ಇದು ಯಾರ ಮಗು ಅಂತ ನಂಗೆ ಗೊತ್ತಾಗಲ್ವೇನು? ಊರೋರೆಲ್ಲ ನೋಡೋ ಡಬ್ಬ ಇದು. ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟುಬಿಡಿ."

ಇಟ್ಟೆ. ಮುದ್ರಣದವರು ಶಾಯಿ ಸಿಡಿದಿದೆಯೆಂದು ತಿಳಿದು ಅದನ್ನು ಅಳಿಸಿ, ಎಷ್ಟು ಚೆನ್ನಾಗಿ ಸರಿಮಾಡಿದ್ದೇವೆಂದು ಫೋನೂ ಮಾಡಿದರು. ಮನೆಯಲ್ಲಿ ಹೇಳಿ ಮೂವರೂ ನಕ್ಕೆವು.

ಏಳನೆಯ ತಿಂಗಳಲ್ಲಿ ಮಗುವಿನ ಎದೆಬಡಿತ ನಿಂತಿತು. ಹೆರಿಗೆ ಮಾಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಕಣ್ಣು ತೆರೆಯಲಿಲ್ಲ, ಅಷ್ಟೇ. ತಲೆತುಂಬ ಕೂದಲಿತ್ತು.

ಹೆಂಡತಿ ಅಳಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಮನೆಗೆ ಬಂದ ಮೇಲೂ ಇಲ್ಲ. ಸ್ನಾನ, ಊಟ, ಕಿಟಕಿ. ಕೇಳಿದ್ದಕ್ಕೆ ಒಂದೊಂದು ಮಾತು. ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟುವರು: "ಅವಳು ಒಂದ್ಸಲ ಅಳಲಿ ಅಂತ ಚಾಮುಂಡಿಗೆ ಹರಕೆ ಹೊತ್ತಿದೀನಿ. ಇಂಥ ಹರಕೆ ಯಾವ ತಾಯಿ ಹೊರ್ತಾಳೆ, ಹೇಳಿ!" ಚಿತ್ರದ ವಿಷಯ ಅವರು ಒಮ್ಮೆಯೂ ಎತ್ತಲಿಲ್ಲ.

ಲಂಡನ್ನಿನಲ್ಲಿ ಕ್ರಿಸ್‌ಮಸ್ ಸಾಮಾನು ಸೆಪ್ಟೆಂಬರಿಗೇ ಅಂಗಡಿಗೆ ಬರುತ್ತದೆ. ಆ ಡಬ್ಬ ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ದಿನಸಿಯನ್ನೆಲ್ಲ ನಾನೇ ತರುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ವೀಸಾ ಮುಗಿಯುತ್ತ ಬಂತು. ಮೇಲಿನ ಮನೆಯ ಇಂಗ್ಲಿಷ್ ಅಜ್ಜಿ ಬೀಳ್ಕೊಡಲು ಬಂದರು. "ನಿಮ್ಮೂರಿಗೆ ಒಯ್ಯಿರಿ" ಎಂದು ಅತ್ತೆಯ ಕೈಗಿಟ್ಟದ್ದು ಅದೇ ಡಬ್ಬ.

ಪಾಪ, ಆಕೆಗೇನು ಗೊತ್ತು. ಚಹಾಕ್ಕೆ ಹಾಲಿಟ್ಟಿದ್ದೆ, ಬೇಡವೆಂದು ಹೊರಟುಬಿಟ್ಟರು. ಅತ್ತೆ ಡಬ್ಬವನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದರು.

"ಕೊಡಮ್ಮ ಇಲ್ಲಿ" ಎಂದಳು ಹೆಂಡತಿ. ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಈ ಕೂದಲು ಯಾರದು ರೀ?"

ನಾನು ಅತ್ತೆಯ ಕಡೆ ನೋಡಿದೆ. "ನಿಮ್ಮಮ್ಮಂದು."

"ನಂದೆಲ್ಲಿ ಗುಂಗುರು!" ಎಂದರು ಅತ್ತೆ. "ನಂದು ತೆಂಗಿನ ನಾರು. ನಿಮ್ಮ ಮಾವನೋರು ಪಾತ್ರೆ ತಿಕ್ಕಬಹುದು ಅಂತಿದ್ರು."

ಹೆಂಡತಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು; ನಗುತ್ತ ನಗುತ್ತಲೇ ಅದು ಬೇರೆಯಾಯಿತು. ಡಬ್ಬವನ್ನು ಎದೆಗೊತ್ತಿಕೊಂಡು, ಮೈಯೆಲ್ಲ ಕುಲುಕುವ ಹಾಗೆ ಅತ್ತಳು. ನಾನು ನೀರು ತರಲು ಏಳಹೋದೆ. ಅತ್ತೆ ನನ್ನ ತೋಳು ಹಿಡಿದು ಕೂರಿಸಿದರು.

"ತಡೀಬೇಡಿ. ಅಳಲಿ."

ಒಲೆಯ ಮೇಲೆ ಹಾಲು ಉಕ್ಕಿ ಸುರಿಯುವ ಸದ್ದು ಕೇಳಿಸಿತು. ಮೂವರಲ್ಲಿ ಯಾರೂ ಏಳಲಿಲ್ಲ.