ದೋಣಿಯಿಲ್ಲದ ಹೊಳೆ

ಹೊಸ ಹುಣಸೆಹಣ್ಣಿನ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಒಂದು ಪದ್ಯ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಪಾರ್ವತಿ ಜಗಲಿಯ ಮೇಲೆ ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಪುಸ್ತಕ ಹಿಡಿದಿದ್ದ ಮೊಮ್ಮಗಳು, "ತಾತ, ಈ ಪದ್ಯದಲ್ಲಿ ರೂಪಕ ಎಲ್ಲಿದೆ?" ಎಂದಳು. ಇಣುಕಿ ನೋಡಿದರೆ, ಅದೇ ಪದ್ಯ!

ಬಹಳ ಹಳೆಯದು. ಸಂಜೆ ಹೊತ್ತು ಒಬ್ಬ ದಾರಿಹೋಕ ತುಂಬಿದ ಹೊಳೆಯ ದಡಕ್ಕೆ ಬರುತ್ತಾನೆ. ಎರಡು ಊರಿಗೆ ಎರಡು ದೋಣಿ ನಿಂತಿವೆ. ಒಂದನ್ನು ಹತ್ತುತ್ತಾನೆ. ಹತ್ತಿದ ದೋಣಿ ತಿರುಗುವುದಿಲ್ಲ, ಇನ್ನೊಂದು ಊರು ಹೇಗಿತ್ತೋ ಅವನಿಗೆ ಎಂದೂ ತಿಳಿಯುವುದಿಲ್ಲ. 'ಇದರಂತೆ ಅದು' ಅಂದರೆ ಉಪಮೆ, 'ಇದೇ ಅದು' ಅಂದುಬಿಟ್ಟರೆ ರೂಪಕ. ದೋಣಿಯೇ ನಮ್ಮ ತೀರ್ಮಾನ, ಹೊಳೆಯೇ ಬದುಕು ಎಂದು ನಾನು ಮೇಷ್ಟ್ರಾಗಿದ್ದಾಗ ಬೆತ್ತ ಆಡಿಸುತ್ತಾ ಪಾಠ ಮಾಡುತ್ತಿದ್ದೆ. ಅದು ಎದೆಗೆ ನಾಟಿದ್ದು ಮನೆಅಳಿಯನಾದ ಮೇಲೆ.

ಮಹಾರಾಜರ ಕಾಲ ಅದು. ಮಾವನವರಿಗೆ ಕೊರಟಗೆರೆಯಲ್ಲಿ ಹುಣಸೆಹಣ್ಣಿನ ಮಂಡಿ, ಇದ್ದವಳು ಒಬ್ಬಳೇ ಮಗಳು. ಅಳಿಯ ಮನೆಯಲ್ಲೇ ಇದ್ದು ಮಂಡಿ ನೋಡಿಕೊಳ್ಳಬೇಕೆಂದರು. ನನ್ನೂರು ಹೊಳೆಯಾಚೆ, ಮಧುಗಿರಿ ಕಡೆ. ಅಲ್ಲಿ ಊರವರೇ ನಡೆಸುತ್ತಿದ್ದ ಶಾಲೆಯ ಕೆಲಸ ಬಿಟ್ಟು ನಾನು ಹೂಂ ಅಂದುಬಿಟ್ಟೆ. ತುಪ್ಪದ ಊಟಕ್ಕೆ ಒಪ್ಪಿದೆನೋ ಪಾರ್ವತಿಯ ಮುಖ ನೋಡಿ ಒಪ್ಪಿದೆನೋ, ಈಗ ಹೇಳುವುದು ಕಷ್ಟ.

ಮಂಡಿಯಲ್ಲಿ ನನ್ನ ಪಾಡು ಕೇಳಬೇಡಿ. ಪಾವಗಡದ ವ್ಯಾಪಾರಿ ಬಂದು, "ಏಮಿ ಸಾಮೀ, ಪಂಡು ಎಟ್ಲಾ?" ಎಂದು ತೆಲುಗಿನಲ್ಲಿ 'ಹಣ್ಣು ಹೇಗೆ' ಅಂತ ಧಾರಣೆ ವಿಚಾರಿಸಿದರೆ, ನಾನು "ಬಹಳ ಹುಳಿ" ಎಂದು ನಿಜ ಹೇಳಿ ಕಳಿಸಿದ್ದೆ. ಮಧ್ಯಾಹ್ನ ಎದುರುಬೀದಿಯ ಶಾಲೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳಿಸಿದರೆ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ಹತ್ತಿದ ದೋಣಿ ತಿರುಗುವುದಿಲ್ಲ ಎಂದು ಪದ್ಯ ಗುನುಗಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪಾರ್ವತಿ ಅದನ್ನು ಕೇಳಿಸಿಕೊಂಡು, "ಅದೇನ್ರೀ ಯಾವಾಗ್ಲೂ ಅದೇ ರಾಗ? ನಂಗೂ ಒಸಿ ಹೇಳ್ಕೊಡಿ" ಎಂದಳು. ಸಿಕ್ಕಿದ ಒಬ್ಬಳೇ ವಿದ್ಯಾರ್ಥಿನಿ! ಹುರುಪಿನಿಂದ ಹೇಳಿದೆ.

"ದೋಣಿ ಅಂದ್ರೆ ಹೆಂಗಿರ್ತದೆ?"

"ಹಿಟ್ಟು ನಾದೋ ಮರದ ದೊಡ್ಡ ಮರಿಗೆ ಥರ ಕಣೆ. ನೀರಿನ ಮೇಲೆ ತೇಲುತ್ತೆ." ದೋಣಿಯನ್ನು ನಾನೂ ಕಂಡಿರಲಿಲ್ಲ, ಅದನ್ನು ಹೇಳಲಿಲ್ಲ.

"ಅದು ವಾಪಸ್ ಬರೋದೇ ಇಲ್ವಾ?"

"ಇಲ್ಲ. ನಾನು ಇಲ್ಲಿಗೆ ಬಂದದ್ದೂ ಹಾಗೇ" ಎಂದುಬಿಟ್ಟೆ. ಬಾಯಿಂದ ಜಾರಿಹೋಗಿತ್ತು.

"ನೀವು ದೋಣಿಲಿ ಬಂದ್ರಾ?"

"ಎಲ್ಲಿ ದೋಣಿ? ನಡ್ಕೊಂಡು ಬಂದೆ. ಹೊಳೇಲಿ ಬರೀ ಮರಳು."

"ಮತ್ತೆ? ನಡ್ಕಂಡ್ ಬಂದೋರು ನಡ್ಕಂಡೇ ಹೋಗ್ಬೋದಲ್ಲ. ಆ ಕವಿ ಯಾವ್ ಸೀಮೆಯೋನೋ ಏನೋ. ಅವ್ನ ಹೊಳೇಲಿ ನಾವ್ಯಾಕ್ರೀ ಮುಳುಗ್ಬೇಕು?"

ನನಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಿಮ್ಮಪ್ಪ?" ಎಂದೆ.

"ಅಪ್ಪಂಗೆ ನಾನ್ ಹೇಳ್ತೀನಿ ಬುಡಿ."

ನಾನು ಊರಿನ ಶಾಲೆಗೇ ಮರಳಬೇಕೆಂದು ಅವಳು ಹೇಳುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾವನವರು ಕೇಳಿದವರೇ ಹೆಗಲ ಮೇಲಿನ ಟವಲಿನಿಂದ ಹಣೆಯ ಬೆವರು ಒರೆಸಿಕೊಂಡರು. "ಅಯ್ಯೋ ಶಿವನೇ! ಅಳಿಯಂದ್ರೇ, ಬನ್ನಿ ಈಚೆಗೆ. ಇದ್ನ ಮೊದ್ಲೇ ಹೇಳ್ಬಾರ್ದಾ? ಗಿರಾಕಿಗೆ ಹುಳಿ ಅಂತ ಹೇಳಿ ಕಳಿಸಿದ್ರಲ್ಲ, ಅವತ್ತಿಂದ ಇವ್ರನ್ನ ಮಂಡಿ ಗದ್ದುಗೆಯಿಂದ ಹೆಂಗಪ್ಪಾ ಎಬ್ಬಿಸೋದು ಅಂತ ಒದ್ದಾಡ್ತಿದ್ದೆ. ಕೂರಿಸ್ದೋನೇ ಏಳಿ ಅನ್ನಕ್ಕಾಯ್ತದಾ?" ಆ ಮನೆಯಲ್ಲಿ ನಾನು ಹೊಟ್ಟೆ ತುಂಬಾ ಉಂಡದ್ದು ಆ ಮಧ್ಯಾಹ್ನ.

ನಾವಿಬ್ಬರೂ ಹೊಳೆ ದಾಟಿದೆವು. ಬಾಯಾರಿದಾಗ ಮರಳು ತೋಡಿದರೆ ಸಿಹಿನೀರು ಬಂತು. ನಮ್ಮೂರ ಶಾಲೆಗೆ ಬೇರೆ ಯಾರೂ ಬಂದಿರಲಿಲ್ಲ. "ಬಂದ್ಬುಟ್ರಾ ಮೇಷ್ಟ್ರೇ" ಎಂದು ಊರವರು ಬೀಗದಕೈ ಕೊಟ್ಟರು. ಆ ಬೀಗದಕೈ ಕೈಗೆ ಬಂದಾಗ ಮನಸ್ಸು ಹಗುರವಾದದ್ದು ಇಂದಿಗೂ ನೆನಪಿದೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದವನು ನಡುವೆ ನಿಲ್ಲಿಸಿಬಿಟ್ಟೆ. ಅವತ್ತು ನಾನು ನನ್ನೂರಿಗೆ ಮರಳಿದೆ, ಸರಿ. ಪಾರ್ವತಿ? ಗಂಡ ಮನೆಅಳಿಯನಾದ್ದರಿಂದ ತವರು ಬಿಡುವ ಕಷ್ಟ ಅವಳಿಗಿರಲಿಲ್ಲ. ಅಂಥ ತವರನ್ನು ತಾನೇ ಬಿಟ್ಟು ನನ್ನ ಜೊತೆ ನಡೆದಿದ್ದಳು. ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ ನೋಡಿ, ಪದ್ಯದ ಅರ್ಥ ಬಿಡಿಸುವ ಮೇಷ್ಟ್ರಿಗೆ.

"ಲೇ ಪಾರ್ವತಿ, ನಿಂಗದು ದೋಣಿ ಆಗ್ಲಿಲ್ವೇನೆ?"

ಅವಳು ಹುಣಸೆಹಣ್ಣಿನಿಂದ ತಲೆಯೆತ್ತಲಿಲ್ಲ. "ಮೊದ್ಲು ಅಂಗೇ ಅನ್ನಿಸ್ತು. ಹೊಳೆ ದಾಟ್ಕಂಡ್ ಹೋಗಿ ಅಪ್ಪನ್ನ ನೋಡ್ಕಂಡು, ಹುಣಸೆಹಣ್ಣು ಹೊತ್ಕಂಡು ಬಂದೆ. ಆಮ್ಯಾಕೆ ಅನ್ನಿಸ್ಲಿಲ್ಲ. ಮರಳೇ ಅಲ್ವಾ, ಯಾವಾಗ ಬೇಕಾದ್ರೂ ಹೋಗ್ಬೋದು."

ನಾನು ಉಸಿರುಬಿಟ್ಟೆ. ಮೊಮ್ಮಗಳು ಪೆನ್ಸಿಲ್ ಎತ್ತಿಕೊಂಡಳು. "ತಾತ, ದೋಣಿ ಅಂದ್ರೆ ತೀರ್ಮಾನ, ಹೊಳೆ ಅಂದ್ರೆ ಬದುಕು. ಮರಳು ಅಂದ್ರೆ ಏನು?"

"ಮರಳು ಅಂದ್ರೆ ನಿಮ್ಮಜ್ಜಿ ಕಣಮ್ಮ" ಎಂದೆ. "ಹಂಗೇ ಬರ್ಕೋ."