ಮಾಂದೇಲಿಯ ಆಪರೇಶನ್ನಿಗೆ ಮುಹೂರ್ತ

ಕಡಲ ದಡದ ದಾಂಡಾ ಊರಿನ ಮೀನು ಮಾರ್ಕೆಟ್ಟಿನಲ್ಲಿ ಜೈವಂತಿ ತಾಂಡೇಲಳ ಬಾಯಿಗೆ ಹೆದರದವರಿರಲಿಲ್ಲ. ಪಾಪ್ಲೆಟ್ ಮೀನಿನ ಕಿವಿರು ಎತ್ತಿ ನೋಡಿ ಮೂಗು ಮುರಿದ ಗಿರಾಕಿಗೆ ಅಲ್ಲೇ ನೀರಿಳಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ದೋಣಿ ಮೈದುನ ದತ್ತಾರಾಮನ ಕೈಗೆ ಹೋಗಿತ್ತು, ಅವನು ಹಿಡಿದು ತಂದದ್ದನ್ನು ಮಾರುವ ಕೆಲಸ ಇವಳಿಗೆ ಉಳಿದಿತ್ತು. ಅಂಥ ಬಾಯಿಯವಳು ಒಂದೇ ಒಂದು ವಿಷಯದಲ್ಲಿ ಎಷ್ಟೋ ವರ್ಷ ತುಟಿ ಹೊಲಿದುಕೊಂಡಿದ್ದಳು. ಅದು ಬೆಕ್ಕಿನ ವಿಷಯ.

ಬೆಕ್ಕಿನ ಹೆಸರು ಮಾಂದೇಲಿ. ಆ ಹೆಸರಿನ ಮೀನಿನ ಹಾಗೇ ಹೊಂಬಣ್ಣ, ಅದರ ಹಾಗೇ ಸಣಕಲು. ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆಳೆದು ತಾಡಪಾಲು ಹೊದಿಸಿದರೆ ಸಾಕು, ದತ್ತಾರಾಮನ ದೋಣಿಯೊಳಗೆ ಬಲೆಯ ರಾಶಿಯ ಮೇಲೆ ಅದು ಮರಿ ಹಾಕುತ್ತಿತ್ತು. ದೋಣಿಯಲ್ಲಿ ಹೆತ್ತದ್ದು ಶುಭ ಎಂದು ದತ್ತಾರಾಮ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ನಾರಳಿ ಹುಣ್ಣಿಮೆ ಹತ್ತಿರ ಬಂದು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುವ ಗಡಿಬಿಡಿ ಶುರುವಾದಾಗ ಅದೇ ಬಾಯಿ ಅತ್ತಿಗೆಯ ಮುಂದೆ ಬೇರೆ ಮಾತಾಡುತ್ತಿತ್ತು.

"ವೈನಿ, ಆ ಮರಿಗೋಳನ್ನ ಎಲ್ಲಾರ ಒಯ್ದು ಬಿಟ್ಟು ಬರ್ರಿ. ಬಲೆ ಎಲ್ಲಾ ಹೊಲಸು ಮಾಡ್ಯಾವ."

ಶುಭ ಅಲ್ಲಿಗೆ ಮುಗಿಯಿತು! ಮರಿಗಳನ್ನು ಮೀನಿನ ಬುಟ್ಟಿಯಲ್ಲಿ ಹೊತ್ತು ಮಾರ್ಕೆಟ್ಟಿನ ಹಿಂದೆ ಗಟಾರದ ಪಕ್ಕ ಬಿಟ್ಟು ಬರುವ ಕರ್ಮ ಜೈವಂತಿಯದು. ಟೆಂಪೋದ ಗಾಲಿಗೆ ಸಿಕ್ಕವೆಷ್ಟೋ, ನಾಯಿಗಳ ಬಾಯಿಗೆ ಬಿದ್ದವೆಷ್ಟೋ. ಮರುದಿನ ಬೆಳಿಗ್ಗೆ ಅವಳು ಅಲ್ಲೇ ಕೂತು, ಆ ಕಡೆ ಕಣ್ಣು ಹಾಯಿಸದೆ ಮೀನು ಮಾರಬೇಕಿತ್ತು. ಅವಳ ಸಿಟ್ಟೆಲ್ಲ ಪಾಪದ ಗಿರಾಕಿಗಳ ಮೇಲೆ ತೀರುತ್ತಿತ್ತು.

ಹಾಗೆಂದು ಅವಳು ಸುಮ್ಮನಿದ್ದವಳಲ್ಲ. ಹಿಂದಿನ ವರ್ಷ ಮಾಂದೇಲಿಯನ್ನು ಇಗರ್ಜಿಯ ಹಿಂದಿನ ಪ್ರಾಣಿಗಳ ದವಾಖಾನೆಗೆ ಒಯ್ದಿದ್ದಳು. ಆದರೆ ಯಾವಾಗ? ತೆಂಗಿನಕಾಯಿ ಆದ ಮೇಲೆ. ಮೀನುಗಾರರ ಆ ವಾಡೆಯಲ್ಲಿ ಏನೇ ಕೆಲಸವಿರಲಿ, "ಕಾಯಿ ಆಗ್ಲಿ, ಆಮ್ಯಾಲ ನೋಡೂಣು" ಎನ್ನುವುದೇ ರೂಢಿ. ಮನೆಗೆ ಸುಣ್ಣ ಬಳಿಯುವುದೂ ಕಾಯಿ ಆದ ಮೇಲೆ, ಹುಳುಕು ಹಲ್ಲು ಕೀಳಿಸುವುದೂ ಕಾಯಿ ಆದ ಮೇಲೆ. ಜೈವಂತಿಯೂ ಅದೇ ವಾಡೆಯ ನೀರು ಕುಡಿದವಳು, ಬೆಕ್ಕಿನ ಆಪರೇಶನ್ನನ್ನೂ ಕಾಯಿಯ ಆಚೆಗೇ ಇಟ್ಟಿದ್ದಳು. ದವಾಖಾನೆಯ ಡಾಕ್ಟರ್ ಕೊರೆಯಾ, ನರೆಗೂದಲಿನ ಸಿಡುಕಿ, ಮಾಂದೇಲಿಯ ಹೊಟ್ಟೆ ಮುಟ್ಟಿ ನೋಡಿ ಕನ್ನಡಕ ತೆಗೆದಿಟ್ಟಳು.

"ಇದು ಮತ್ತ ಬಸರಾಗ್ಯದ."

"ಹೆಂಗಾಗ್ತದ್ರಿ ಡಾಕ್ಟರ್‌ಬಾಯಿ? ಮೊನ್ನೀತನಕ ಮರಿ ಮೊಲಿ ಕುಡೀತಿದ್ವು!"

"ಕುಡೀತಿದ್ರೇನಾತು? ಹಾಲುಣಿಸೂ ಬೆಕ್ಕೂ ಬಸರಾಗ್ತದ. ಗಂಡು ಬೆಕ್ಕು ನಿಮ್ಮ ಹುಣ್ಣಿವಿ ನೋಡಿ ಬರ್ತದೇನು?"

ಈಗಲೂ ಆಪರೇಶನ್ ಮಾಡಬಹುದು ಎಂದಳು ಡಾಕ್ಟರು. ಹೊಟ್ಟೆಯಲ್ಲಿ ಜೀವವಿದೆ ಎಂದು ಗೊತ್ತಾದ ಮೇಲೆ ಜೈವಂತಿಗೆ ಕೈ ಬರಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಟವಳನ್ನು ಡಾಕ್ಟರು ಬಾಗಿಲಲ್ಲಿ ತಡೆದಳು.

"ಇಲ್ಲಿ ಕೇಳು. ಇನ್ನೊಮ್ಮೆ ಹೆತ್ತರ, ಮರಿ ಮೊಲಿ ಬಿಟ್ಟು ತಾವಾಗೇ ತಿನ್ನೂತನಕ ತಡಿ. ಸುಮಾರು ಎರಡು ತಿಂಗಳು. ಆವಾಗ ತಾಯಿ ಹಾಲು ಇಳೀತದ. ಇಳಿದ ಕೂಡ್ಲೇ ತಗೊಂಡ್ ಬಾ. ಅಲ್ಲೀತನಕ ಮನಿಯೊಳಗ ಇಟ್ಕೊ, ಗಂಡು ಬೆಕ್ಕಿಗೆ ಮುಖಾ ತೋರಿಸ್ಬ್ಯಾಡ. ಹಬ್ಬ ಗಿಬ್ಬ ಅಂತ ಮುಂದ ಹಾಕಿದ್ರ ನನ್ನ ಹತ್ರ ಬರಬ್ಯಾಡ."

ಮಳೆ ಮುಗಿದ ಮೇಲೆ ಹುಟ್ಟಿದ ಆ ಮರಿಗಳಲ್ಲಿ ಒಂದೂ ಉಳಿಯಲಿಲ್ಲ.

ಈ ವರ್ಷ ಮಳೆ ಹಿಡಿದು ಮಾಂದೇಲಿ ದೋಣಿಯಲ್ಲಿ ಹೆತ್ತದ್ದೇ ತಡ, ಜೈವಂತಿ ತಾಡಪಾಲು ಎತ್ತಿ ತಾಯಿಯನ್ನೂ ಮೂರು ಮರಿಗಳನ್ನೂ ತನ್ನ ಮನೆಗೆ ತಂದಳು. ಕಿಟಕಿಗೆ ಹಳೆಯ ಬಲೆ ಬಿಗಿದಳು. ಹೆಂಚಿನ ಮೇಲೆ ಗಂಡು ಬೆಕ್ಕು ಕೂಗಿ ಕೂಗಿ ಗಂಟಲು ಹರಿದುಕೊಂಡಿತು. ಅಕ್ಕಪಕ್ಕದವರು ಬೈದರು, ಅವಳು ಅದರ ಎರಡರಷ್ಟು ಬೈದಳು. ಮರಿಗಳು ಕುದಿಸಿದ ಬೋಂಬಿಲ್ ಮೀನಿಗೆ ಮುಗಿಬೀಳತೊಡಗಿದವು, ಮಾಂದೇಲಿ ಮೊಲೆಗೆ ಬಂದವನ್ನು ಕಾಲಿನಿಂದ ತಳ್ಳತೊಡಗಿತು, ಹಾಲು ಇಳಿಯಿತು. ಹುಣ್ಣಿಮೆಗೆ ಇನ್ನೂ ವಾರವಿತ್ತು. ಜೈವಂತಿ ಕಾಯಲಿಲ್ಲ. ಬೆಕ್ಕನ್ನು ಬುಟ್ಟಿಗೆ ಹಾಕಿ, ಮುಚ್ಚಳ ಕಟ್ಟಿ, ತಲೆಯ ಮೇಲಿಟ್ಟು ದಡದ ದಾರಿ ಹಿಡಿದಳು.

ದತ್ತಾರಾಮ ಆಳುಗಳೊಂದಿಗೆ ದೋಣಿಗೆ ಬಣ್ಣ ಹಚ್ಚುತ್ತಿದ್ದ. ಮಾರ್ಕೆಟ್ಟಿಲ್ಲದ ದಿನ ಬುಟ್ಟಿ ಎಲ್ಲಿಗೆ ಹೊರಟಿತು ಎಂದು ನೋಡುವಷ್ಟರಲ್ಲಿ ಬುಟ್ಟಿ ಮಿಯಾಂವ್ ಎಂದಿತು. ದವಾಖಾನೆಯ ವಿಷಯ ಅವನ ಕಿವಿಗೂ ಬಿದ್ದಿತ್ತು.

"ವೈನಿ! ಕಾಯಿ ಬಿಡೂದಕ್ಕಿಂತ ಮೊದಲ ದೋಣಿ ಲಕ್ಷ್ಮೀ ಹೊಟ್ಟಿಗೆ ಕತ್ತಿ ಹಾಕಿಸ್ತೀರಾ? ಹೆತ್ತ ತಾಯೀನ ಬಂಜಿ ಮಾಡೂದು ಪಾಪರೀ. ಸಮುದ್ರ ಮುನಿಸ್ಕೊಂಡು ಬಲೆ ಬರಿದಾಗಿ ಬಂದರ ಯಾರು ಹೊಣಿ?"

ಜೈವಂತಿ ಬುಟ್ಟಿ ಇಳಿಸಿದಳು. ಅಷ್ಟು ವರ್ಷ ಹೊಲಿದುಕೊಂಡಿದ್ದ ತುಟಿಯ ಹೊಲಿಗೆ ಅಲ್ಲೇ ಬಿಚ್ಚಿತು.

"ಪಾಪಾನೂ ಗೊತ್ತೈತೇನು ನಿನಗ? ವರ್ಷಾ ವರ್ಷಾ ಮರಿ ಹೊತ್ತು ಗಟಾರದ ಬಾಜೂಕ ಬಿಟ್ಟು ಬರ್ತೀನಲ್ಲ, ಅದೇನು ಪುಣ್ಯಾನ? ಒಂದು ಸಲರ ನೀ ಹೊತ್ತೀಯೇನು ಆ ಬುಟ್ಟಿ?"

"ಅದು ಬ್ಯಾರೇ ಮಾತು, ವೈನಿ."

"ಬ್ಯಾರೇ ಹೆಂಗಾತೋ? ನನಗ ಆಪರೇಶನ್ ಮಾಡಿಸಿದ್ರಲ್ಲ, ಆವಾಗ ಯಾವ ಹುಣ್ಣಿವಿ ನೋಡಿದ್ರಿ? ನನ್ನ ಕೂಸು ನೀಲ್ಯಾ ಇನ್ನೂ ಎದಿ ಬಿಟ್ಟಿರಲಿಲ್ಲ. ಫ್ಯಾಮಿಲಿ ಪ್ಲಾನಿಂಗ್ ಕ್ಯಾಂಪಿನ ಗಾಡಿ ಬಂತು, ನಿಮ್ಮಣ್ಣ ಹೂಂ ಅಂದ, ನೀನ ಕೈಹಿಡಿದು ಗಾಡಿ ಹತ್ತಿಸಿದಿ. ನನ್ನ ಒಂದು ಮಾತರ ಕೇಳಿದ್ರೇನು? ಕಾಯಿ ಬಿಡೂದು ಆವಾಗಲೂ ಮುಂದಿತ್ತು. ಸಮುದ್ರ ಮುನೀತೇನು? ಆ ವರ್ಷ ಪಾಪ್ಲೆಟ್ ಸುರಿದು, ದೋಣಿಗೆ ಹೊಸಾ ಇಂಜಿನ್ ಕೂಡ್ಸಿದ್ರಿ. ನನ್ನ ಹೊಟ್ಟಿಗೊಂದು ನ್ಯಾಯ, ಬೆಕ್ಕಿನ ಹೊಟ್ಟಿಗೊಂದು ನ್ಯಾಯ!"

ಬಣ್ಣ ಹಚ್ಚುತ್ತಿದ್ದ ಆಳುಗಳ ಕೈ ನಿಂತಿತು. ಬಲೆ ಹೆಣೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ದತ್ತಾರಾಮ ಕುಂಚದಲ್ಲಿ ಸುಮ್ಮನೆ ಗಾಳಿ ಕಲಕಿದ.

"ಹಳೀದೆಲ್ಲಾ ಈಗ್ಯಾಕ ವೈನಿ, ಮಂದಿ ಮುಂದ..."

ಜೈವಂತಿಯ ಕಣ್ಣು ದೋಣಿಯ ಒಳಗೆ ಬಿತ್ತು. ನೀರು ತೋಡುವ ಸ್ಟೀಲ್ ಬಕೆಟ್ಟು ಅಲ್ಲಿ ಕವುಚಿ ಬಿದ್ದಿತ್ತು. ಕ್ಯಾಂಪಿನಲ್ಲಿ ಆಪರೇಶನ್ನಿಗೆ ಇನಾಮೆಂದು ಅವಳ ಕೈಗೆ ಕೊಟ್ಟಿದ್ದ ಬಕೆಟ್ಟು ಅದು. ಅವಳು ಇನ್ನೂ ಹಾಸಿಗೆಯಿಂದ ಏಳುವ ಮೊದಲೇ ದೋಣಿಗೆ ಹೋಗಿ ಸೇರಿತ್ತು.

"ಆ ಬಕೀಟು ಇತ್ತ ಕೊಡು."

"ಇದು ದೋಣೀದಲ್ಲೇನ್ರಿ?"

"ನಂದು. ನನ್ನ ಹೊಟ್ಟಿ ಕೊಯ್ದು ಕೊಟ್ಟಿದ್ದು. ಇಷ್ಟು ವರ್ಷ ನಿಮ್ಮ ದೋಣಿ ನೀರು ತೋಡಿದ್ದು ಸಾಕು."

ಅವನು ಕೊಟ್ಟ. ಕೊಡದೆ ಏನು ಮಾಡುತ್ತಾನೆ, ಇಡೀ ದಡ ನೋಡುತ್ತಿತ್ತು. ಬುಟ್ಟಿ ತಲೆಯ ಮೇಲೆ, ಬಕೆಟ್ಟು ಕೈಯಲ್ಲಿ, ಜೈವಂತಿ ತಿರುಗಿ ನೋಡದೆ ಇಗರ್ಜಿಯ ಕಡೆ ನಡೆದಳು.

ಡಾಕ್ಟರ್ ಕೊರೆಯಾ ಈ ಸಲ ಬೈಯಲಿಲ್ಲ. ಸರಿಯಾದ ಹೊತ್ತಿಗೆ ತಂದಿ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದಳು. ಆಪರೇಶನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿಕೊಂಡು ಮಾಂದೇಲಿ ಮನೆಗೆ ಬಂತು. ಜೈವಂತಿ ಬಕೆಟ್ಟನ್ನು ಅಡ್ಡ ಮಲಗಿಸಿ, ಒಳಗೆ ತನ್ನ ಹಳೆಯ ಸೀರೆ ಹಾಸಿ ಬೆಕ್ಕಿಗೆ ಬಿಟ್ಟುಕೊಟ್ಟಳು.

ಹುಣ್ಣಿಮೆಯಾಯಿತು. ಸಮುದ್ರಕ್ಕೆ ಕಾಯಿ ಸಂದಿತು. ಜೈವಂತಿಯೂ ಹಸಿರು ಸೀರೆಯುಟ್ಟು ಒಂದು ಕಾಯಿ ಬಿಟ್ಟಳು, ಸಮುದ್ರದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ದತ್ತಾರಾಮ ಬಣ್ಣದ ಖಾಲಿ ಡಬ್ಬಿಯಲ್ಲಿ ನೀರು ತೋಡುತ್ತ ಹೋದ, ತುಂಬಿದ ಬಲೆಯೊಂದಿಗೆ ಬಂದ. ಕೆಲವು ದಿನ ಬಿಟ್ಟು ಅತ್ತಿಗೆಯ ಅಂಗಳಕ್ಕೆ ಬಂದು ನಿಂತ.

"ವೈನಿ, ಇಲಿ ಬಲೆ ಕಡಿಯಾಕ ಹತ್ಯಾವ. ದೋಣಿಗೆ ಒಂದು ಮರಿ ಕೊಡ್ತೀರೇನು? ಗಂಡು ಮರಿ ಕೊಡ್ರಿ, ಹೆರೂ ತ್ರಾಸಿಲ್ಲ."

"ಒಯ್ಯಿ. ಇನ್ನೆರಡು ತಿಂಗಳಿಗೆ ಡಾಕ್ಟರ್ ಹತ್ರ ಒಯ್ಯಬೇಕು ಮತ್ತ. ಬುಟ್ಟಿ ನೀನ ಹೊರಬೇಕು."

"ಯಾಕ? ಗಂಡಿಗೂ ಆಪರೇಶನ್ ಐತೇನು?"

"ಐತಿ. ಗಂಡಿಗೆ ಭಾಳ ಸಣ್ಣ ಕೆಲಸಂತ, ಸಂಜೀಕ ಎದ್ದು ಓಡಾಡ್ತದಂತ. ನನ್ನ ಗಾಡಿ ಹತ್ತಿಸೂ ಮುಂದ ನಿಮಗ್ಯಾರಿಗೂ ಗೊತ್ತಿರಲಿಲ್ಲ ನೋಡು."

ಜೈವಂತಿ ಒಳಗಿನಿಂದ ಗಂಡು ಮರಿ ಕೂತ ಬುಟ್ಟಿ ತಂದು ಅವನ ಕಾಲ ಬಳಿ ಇಟ್ಟಳು.